ಯಾವ ರೆಕಾರ್ಡಿಂಗ್ ಕೊಳ್ಳಲಿ? ಶಾಸ್ತ್ರೀಯ ಸಂಗೀತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸಂಗೀತ ಕೇಳುವವರ ನಡುವೆ ಓಡಾಡಿಕೊಂಡಿದ್ದರೆ ಈ ಪ್ರಶ್ನೆ ತಪ್ಪುವುದಿಲ್ಲ. ಸಂಗೀತ ಕಚೇರಿ ಮುಗಿದು ಗಾಯನ ಸಮಾಜದ ಮೆಟ್ಟಿಲಿಳಿಯುವಾಗ ಒಬ್ಬರು ಕೇಳುತ್ತಾರೆ, ಮಲ್ಲೇಶ್ವರದ ತರಕಾರಿ ಅಂಗಡಿ ಮುಂದೆ ಇನ್ನೊಬ್ಬರು. ಎಲ್ಲರಿಗೂ ಹೇಳುವುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಸಲಹೆ ಇಷ್ಟೇ: ಕಡಿಮೆ ಕೊಳ್ಳಿ, ಉದ್ದದ್ದನ್ನು ಕೊಳ್ಳಿ, ಯಾರು ಯಾವಾಗ ಯಾರ ಜೊತೆ ಹಾಡಿದ್ದು ಅಂತ ಬರೆದಿರುವುದನ್ನೇ ಕೊಳ್ಳಿ.

ಇದುವರೆಗೆ ಶಾಸ್ತ್ರೀಯ ಸಂಗೀತ ಕೇಳಿಯೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಕೇಳಿಯೇ ಇಲ್ಲ ಅನ್ನುವವರು ನಮ್ಮಲ್ಲಿ ತುಂಬ ಕಡಿಮೆ. ಬೆಳಗ್ಗೆ ದೇವಸ್ಥಾನದ ಮೈಕಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಸುಪ್ರಭಾತ ಕೇಳಿರುತ್ತೀರಿ. ಅದು 1963ರ ಎಲ್‌ಪಿ, ಅಂದರೆ ದೊಡ್ಡ ಗ್ರಾಮೊಫೋನ್ ತಟ್ಟೆ. ಭೀಮಸೇನ ಜೋಶಿ ಅವರ ದನಿಯಲ್ಲಿ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೇಳಿರುತ್ತೀರಿ. ಹಬ್ಬದ ದಿನ ವಿದ್ಯಾಭೂಷಣರ ದೇವರನಾಮ ಯಾರ ಮನೆಯಲ್ಲಿ ಹಾಕಿರಲಿಲ್ಲ ಹೇಳಿ. ಹಾಗಾಗಿ ಹೊಸ ಹೆಸರು ಹುಡುಕಬೇಡಿ. ಕಿವಿಗೆ ಪರಿಚಯ ಇರುವ ದನಿಯನ್ನೇ ಹಿಡಿದು, ಅದೇ ದನಿಯ ಉದ್ದದ ರೆಕಾರ್ಡಿಂಗಿಗೆ ಹೋಗಿ. ಎಂ.ಎಸ್. ಗೊತ್ತಿದ್ದರೆ 1977ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ಮಾಡಿದ ಕಚೇರಿಯ ರೆಕಾರ್ಡಿಂಗ್ ತಗೊಳ್ಳಿ. ಭೀಮಸೇನರು ಗೊತ್ತಿದ್ದರೆ ಮೊದಲು ಅವರ ಕನ್ನಡ ದಾಸವಾಣಿ, ಆಮೇಲೆ ಅವರು ಹಾಡಿದ ಶುದ್ಧ ಕಲ್ಯಾಣ ರಾಗ. ದನಿ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ.

ಕರ್ನಾಟಕ ಸಂಗೀತವೋ, ಹಿಂದೂಸ್ತಾನಿಯೋ? ಯಾವುದು ಸುಲಭ?

ಸುಲಭ ಅಂತ ಯಾವುದೂ ಇಲ್ಲ, ಕಷ್ಟ ಅಂತಲೂ ಇಲ್ಲ. ನಿಮಗೆ ಹಾಡಿನ ಮಾತು ಮುಖ್ಯವಾದರೆ ಕರ್ನಾಟಕ ಸಂಗೀತ ಬೇಗ ಹಿಡಿಸುತ್ತದೆ, ಯಾಕಂದರೆ ಅಲ್ಲಿ ಕೃತಿ (ಸಾಹಿತ್ಯ ಇರುವ ರಚನೆ) ಮುಖ್ಯ, ಎಷ್ಟೇ ವಿಸ್ತಾರ ಮಾಡಿದರೂ ಮತ್ತೆ ಪಲ್ಲವಿಗೇ ಬರುತ್ತಾರೆ. ಒಂದು ರಾಗದೊಳಗೆ ಸುಮ್ನೆ ಅರ್ಧ ಗಂಟೆ ಕೂತಿರಲು ಇಷ್ಟವಾದರೆ ಹಿಂದೂಸ್ತಾನಿ. ಕನ್ನಡಿಗರಿಗೆ ಎರಡೂ ಮನೆಯ ಸಂಗೀತವೇ. ಮೈಸೂರಿನ ಕಡೆ ಕರ್ನಾಟಕ ಸಂಗೀತ, ಧಾರವಾಡ–ಗದಗದ ಕಡೆ ಹಿಂದೂಸ್ತಾನಿ. ದೇಶದ ಬೇರೆ ಎಲ್ಲೂ ಇಷ್ಟು ಗಟ್ಟಿಯಾಗಿ ಎರಡೂ ಬೇರು ಬಿಟ್ಟಿಲ್ಲ ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ರಾಗದ ಹೆಸರು ನೋಡಿ ಕೊಂಡು ಮೋಸ ಹೋಗಬೇಡಿ. ಕರ್ನಾಟಕ ಸಂಗೀತದ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲ್‌ಕೌಂಸ್. ಅಲ್ಲಿನ ಹಿಂಡೋಲ್ ಬೇರೆಯೇ ರಾಗ. ತೋಡಿ, ಭೈರವಿ ಕೂಡ ಹಾಗೇ: ಹೆಸರು ಒಂದೇ, ಸ್ವರ ಬೇರೆ. ಮೋಹನ ಮತ್ತು ಭೂಪ್, ಕಲ್ಯಾಣಿ ಮತ್ತು ಯಮನ್ ಹೆಸರು ಬೇರೆಯಾದರೂ ಸ್ವರದಲ್ಲಿ ಹತ್ತಿರ.

ಒಂದೇ ಒಂದು ಹೇಳಿ ಅಂದರೆ?

ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರ್. ಯಾವ ರಾಗ ಸಿಕ್ಕರೂ ಸರಿ.

ಯಾಕೆ ಅಂತ ಹೇಳುತ್ತೇನೆ. ತಂಬೂರಿ ಶುರುವಾಗುತ್ತದೆ. ಬೇರೆಯವರಾದರೆ ನಿಧಾನವಾಗಿ ಒಂದೊಂದೇ ಸ್ವರ ಬಿಚ್ಚುತ್ತಾ ಹೋಗುತ್ತಾರೆ. ಮನ್ಸೂರರು ಸ್ವಲ್ಪವೇ ಆಲಾಪ ಮಾಡಿ ನೇರ ಹಾಡಿಗೆ, ಅಂದರೆ ಬಂದಿಶ್‌ಗೆ ಇಳಿದುಬಿಡುತ್ತಾರೆ, ತಬಲಾ ಕೂಡಲೇ ಸೇರಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಒಂದು ತಾನ್ (ವೇಗದ ಸ್ವರಗಳ ಸಾಲು) ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡೇ ಹೋಗುತ್ತದೆ, ಉಸಿರು ಎಲ್ಲಿ ತಗೊಂಡರು ಅಂತ ಹುಡುಕುವಷ್ಟರಲ್ಲಿ ಅವರು ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ ಬಂದಾಗಿರುತ್ತದೆ. ಹಿಗ್ಗಿಸುವುದಿಲ್ಲ, ಪುಸಲಾಯಿಸುವುದಿಲ್ಲ. ಏಕ ನಿಷಾದ ಬಿಹಾಗಡಾ, ಬಸಂತಿ ಕೇದಾರ್, ಶುಕ್ಲ ಬಿಲಾವಲ್ ಥರದ ಅಪರೂಪದ ರಾಗಗಳೂ ಅವರ ಬಾಯಲ್ಲಿ ನಿನ್ನೆ ಮೊನ್ನೆ ಕೇಳಿದ ಹಾಗಿರುತ್ತವೆ. ಹಿಂದೂಸ್ತಾನಿ ಭಾಷೆ ಅಡ್ಡ ಬಂದರೆ ಅವರು ಹಾಡಿರುವ ವಚನಗಳಿಂದ ಶುರು ಮಾಡಿ. 'ಅಕ್ಕ ಕೇಳವ್ವ' ಕೇಳಿ ನೋಡಿ, ಆಮೇಲೆ ಮಾತಾಡೋಣ.

ಕರ್ನಾಟಕ ಗಾಯನದಲ್ಲಿ ಯಾರ್‍ಯಾರು?

ಇದಕ್ಕೆ ಕೊನೆಯೇ ಇಲ್ಲ. ನಾನು ಮೊದಲಿಗೆ ಹೇಳುವ ಕೆಲವರು ಇವರು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್: ಇವತ್ತು ನಾವು ಕೇಳುವ ಕಚೇರಿಯ ಅನುಕ್ರಮ, ಅಂದರೆ ಮೊದಲು ವರ್ಣ (ಗಂಟಲು ಹದಕ್ಕೆ ತರುವ ರಚನೆ), ಆಮೇಲೆ ಚಿಕ್ಕ ಕೃತಿಗಳು, ನಡುವೆ ದೊಡ್ಡ ರಾಗ, ಕೊನೆಗೆ ತುಕ್ಕಡಗಳು (ಹಗುರಾದ ಚಿಕ್ಕ ಹಾಡುಗಳು), ಈ ಕ್ರಮ ನೆಲೆಗೊಂಡಿದ್ದು ಅವರಿಂದ. ಮಧುರೈ ಮಣಿ ಅಯ್ಯರ್: ಅವರ ಕಲ್ಪನಾಸ್ವರ (ಅಲ್ಲೇ ಹೊಳೆದಂತೆ ಹಾಡುವ ಸ್ವರ) ಕೇಳುತ್ತಾ ಬೇಜಾರಾಗಿ ಕೂತಿರಲು ಸಾಧ್ಯವೇ ಇಲ್ಲ. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಬಿರುಸು, ಸೆಮ್ಮಂಗುಡಿ ಅವರ ಗಟ್ಟಿತನ, ಡಿ.ಕೆ. ಪಟ್ಟಮ್ಮಾಳ್ ಅವರ ಲಯ. ಎಂ.ಎಲ್. ವಸಂತಕುಮಾರಿ ಅವರನ್ನು ಕನ್ನಡಿಗರು ಬಿಡಲೇಬಾರದು, ಪುರಂದರದಾಸರ ಪದಗಳನ್ನು ಕಚೇರಿ ವೇದಿಕೆಯಲ್ಲಿ ಅಷ್ಟು ಪ್ರೀತಿಯಿಂದ ಹಾಡಿದವರು ಅವರು.

ಎಂ.ಡಿ. ರಾಮನಾಥನ್ ಅವರನ್ನು ಮೊದಲನೇ ತಿಂಗಳಲ್ಲೇ ಕೊಳ್ಳಬೇಡಿ. ಅಷ್ಟು ತಗ್ಗಿದ ದನಿ, ಅಷ್ಟು ನಿಧಾನ, ಹೊಸಬರಿಗೆ ತಾಳ್ಮೆ ಕೆಡಬಹುದು. ಒಂದು ವರ್ಷ ಬಿಟ್ಟು ಕೇಳಿ. ಆಗ ಬಿಡಲು ಆಗುವುದಿಲ್ಲ.

ನಮ್ಮ ಬೆಂಗಳೂರಿನ ಆರ್.ಕೆ. ಶ್ರೀಕಂಠನ್ (1920–2014) ಅವರ ಬಗ್ಗೆ ಜನ ಸಾಕಷ್ಟು ಮಾತಾಡುವುದಿಲ್ಲ. ಒಂದಕ್ಷರ ನುಂಗುವುದಿಲ್ಲ ಅವರು. ಸಾಹಿತ್ಯ ಅಂದರೆ ಏನು ಅಂತ ಅವರ ರೆಕಾರ್ಡಿಂಗಿನಲ್ಲಿ ತಿಳಿಯುತ್ತದೆ.

ಹಾಡು ಬೇಡ, ವಾದ್ಯ ಬೇಕು.

ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್. ಮೈಸೂರು ಬಾನಿಯ (ಶೈಲಿಯ) ಮೀಟು ಎಷ್ಟು ಸ್ಪಷ್ಟ ಅಂತ ಗೊತ್ತಾಗಬೇಕಾದರೆ ಅವರನ್ನೇ ಕೇಳಬೇಕು. ಕೊಳಲಲ್ಲಿ ಟಿ.ಆರ್. ಮಹಾಲಿಂಗಂ, ಎಲ್ಲರೂ ಮಾಲಿ ಅಂತ ಕರೆಯುವವರು. ಬೆಂಗಳೂರಿನಲ್ಲಿ ತುಂಬ ವರ್ಷ ಇದ್ದರು. ಪಿಟೀಲಿನಲ್ಲಿ ಲಾಲ್ಗುಡಿ ಜಯರಾಮನ್, ಟಿ.ಎನ್. ಕೃಷ್ಣನ್, ಎಂ.ಎಸ್. ಗೋಪಾಲಕೃಷ್ಣನ್: ಮೂವರೂ ಬೇರೆ ಬೇರೆ ದಾರಿ, ಮೂವರನ್ನೂ ಒಂದೊಂದು ತಗೊಳ್ಳಿ. ಮೈಸೂರು ಟಿ. ಚೌಡಯ್ಯ ಅವರ ಏಳು ತಂತಿಯ ಪಿಟೀಲು ಹಳೆಯ ರೆಕಾರ್ಡುಗಳಲ್ಲಿದೆ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕು ಅಂತ ತಂತಿ ಸೇರಿಸಿದ್ದು ಅವರು. ನಾಗಸ್ವರಕ್ಕೆ ರಾಜರತ್ನಂ ಪಿಳ್ಳೆ ಅವರ ತೋಡಿ. ಸ್ಯಾಕ್ಸೊಫೋನಿಗೆ ಕದ್ರಿ ಗೋಪಾಲನಾಥ್, ಮ್ಯಾಂಡೊಲಿನ್‌ಗೆ ಯು. ಶ್ರೀನಿವಾಸ್.

ಹಿಂದೂಸ್ತಾನಿಯಲ್ಲಿ ಸಿತಾರ್ ಅಂದರೆ ನಿಖಿಲ್ ಬ್ಯಾನರ್ಜಿ ಅವರ ಲೈವ್ ರೆಕಾರ್ಡಿಂಗ್‌ಗಳು. ಸರೋದ್‌ಗೆ ಅಲಿ ಅಕ್ಬರ್ ಖಾನ್, ಅವರ ಶಿಷ್ಯರಾದ ನಮ್ಮ ರಾಜೀವ ತಾರಾನಾಥ್. 1967ರ 'ಕಾಲ್ ಆಫ್ ದಿ ವ್ಯಾಲಿ' ಆಲ್ಬಂ ಎಲ್ಲರೂ ಹೇಳುತ್ತಾರೆ, ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ಮಾಡಿದ್ದು. ಚೆನ್ನಾಗಿದೆ, ಹೊಸಬರಿಗೆ ಒಳ್ಳೆಯ ಬಾಗಿಲು. ಆದರೆ ಅಲ್ಲೇ ನಿಂತುಬಿಡಬೇಡಿ.

ಧಾರವಾಡದ ಕಡೆಯವರು ಇನ್ನೂ ಯಾರು?

ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಬೆಳಗಾವಿ ಕಡೆಯ ಕುಮಾರ ಗಂಧರ್ವ. ಗಂಗೂಬಾಯಿ ಮತ್ತು ಭೀಮಸೇನ ಜೋಶಿ ಇಬ್ಬರಿಗೂ ಗುರು ಕುಂದಗೋಳದ ಸವಾಯಿ ಗಂಧರ್ವರು. ಒಂದೇ ರಾಗದಲ್ಲಿ ಇಬ್ಬರದೂ ಸಿಕ್ಕರೆ ಜೊತೆಯಾಗಿಟ್ಟು ಕೇಳಿ, ಒಂದೇ ಪಾಠ ಎರಡು ಸ್ವಭಾವದಲ್ಲಿ ಹೇಗೆ ಬೆಳೆಯುತ್ತದೆ ಅಂತ ಕಾಣುತ್ತೆ. ಕುಮಾರ ಗಂಧರ್ವರು ಕ್ಷಯದಿಂದ ಒಂದು ಶ್ವಾಸಕೋಶ ಕಳೆದುಕೊಂಡ ಮೇಲೆ ಮತ್ತೆ ಹಾಡಿದವರು. ಅವರ ಚಿಕ್ಕ ಚಿಕ್ಕ ಉಸಿರಿನ ತುಣುಕುಗಳು, ನಡುವಿನ ಮೌನ, ಅವೇ ಅವರ ಶೈಲಿಯಾದವು. ಆಕಾರವಿಲ್ಲದ ದೇವರ ಮೇಲಿನ, ಅಂದರೆ ನಿರ್ಗುಣಿ ಭಜನ್‌ಗಳಿಂದ ಶುರು ಮಾಡಿ. ಈಗ ಹಾಡುತ್ತಿರುವವರಲ್ಲಿ ಎಂ. ವೆಂಕಟೇಶಕುಮಾರ್. ಅವರದನ್ನು ಕೊಳ್ಳುವುದಕ್ಕಿಂತ ಮೊದಲು ಬೆಂಗಳೂರಿಗೆ ಬಂದಾಗ ಹೋಗಿ ಎದುರಿಗೆ ಕೂತು ಕೇಳಿ.

ಕರ್ನಾಟಕದ ಹೊರಗಿನ ಹಿಂದೂಸ್ತಾನಿ ಗಾಯಕರಲ್ಲಿ ಒಬ್ಬರನ್ನು ಮಾತ್ರ ಹೇಳುತ್ತೇನೆ: ಅಮೀರ್ ಖಾನ್, ಒಂದು ಬದಿ ಮಾರ್ವಾ ರಾಗ, ಇನ್ನೊಂದು ಬದಿ ದರ್ಬಾರಿ ಇರುವ ಎಲ್‌ಪಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದರ್ಬಾರಿ ಹಾಕಿ.

'ಬೆಸ್ಟ್ ಆಫ್' ಸಂಗ್ರಹ, ಸಾವಿರ ಹಾಡಿನ ಪೆನ್‌ಡ್ರೈವ್, ಇವು ಲಾಭ ಅಲ್ವಾ?

ಅಲ್ಲ. ಪೆನ್‌ಡ್ರೈವ್‌ನಲ್ಲಿ ಹಾಡು ಇರುತ್ತದೆ, ಹೆಸರು ಇರುವುದಿಲ್ಲ. ಪಿಟೀಲು ಯಾರು, ಮೃದಂಗ ಯಾರು, ಯಾವ ವರ್ಷ, ಏನೂ ಗೊತ್ತಾಗುವುದಿಲ್ಲ. ಕಲಾವಿದರಿಗೆ ಒಂದು ರೂಪಾಯಿ ಹೋಗುವುದೂ ಅನುಮಾನ. 'ಬೆಸ್ಟ್ ಆಫ್' ಕಂಪನಿಯವರೇ ತಂದಿದ್ದರೂ ತೊಂದರೆ ಬೇರೆ: ರಾಗಾಲಾಪನೆ ಕತ್ತರಿಸಿ, ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ತೆಗೆದು, ಬರೀ ಕೃತಿ ಉಳಿಸಿರುತ್ತಾರೆ. ಊಟಕ್ಕೆ ಕರೆದು ಬರೀ ಹಪ್ಪಳ ಬಡಿಸಿದ ಹಾಗೆ. ಹಪ್ಪಳ ಚೆನ್ನಾಗಿಯೇ ಇರುತ್ತೆ, ಹೊಟ್ಟೆ ತುಂಬುವುದಿಲ್ಲ.

ಪೂರ್ತಿ ಕಚೇರಿ ಕೊಳ್ಳಿ. ಎರಡೂವರೆ ಗಂಟೆ, ಮೂರು ಗಂಟೆ. ವರ್ಣದಲ್ಲಿ ಗಂಟಲು ಬಿಸಿಯಾಗುವುದು, ಮೂರನೆಯದೋ ನಾಲ್ಕನೆಯದೋ ಕೃತಿಯಲ್ಲಿ ಕಾವೇರುವುದು, ಪಿಟೀಲಿನವರು ಒಂದು ಹೊಸ ಎಳೆ ಕೊಟ್ಟಾಗ ಗಾಯಕರು 'ಸಬಾಷ್' ಅನ್ನುವುದು, ಸಭೆಯಲ್ಲಿ ಯಾರೋ ಕೆಮ್ಮುವುದು, ಎಲ್ಲ ಅದರಲ್ಲಿರುತ್ತದೆ. ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಅದು ಸಿಗುವುದಿಲ್ಲ. ಚೆನ್ನೈನ ಡಿಸೆಂಬರ್ ಸೀಸನ್ನಿನ ಲೈವ್ ಕಚೇರಿಗಳನ್ನು ಚಾರ್ಸೂರ್ ಸಂಸ್ಥೆ ಸಿಡಿಗಳಾಗಿ ತಂದಿತ್ತು, ಎಲ್ಲಾದರೂ ಕಂಡರೆ ಬಿಡಬೇಡಿ.

ಯೂಟ್ಯೂಬಲ್ಲಿ ಎಲ್ಲ ಇದೆಯಲ್ಲ. ದುಡ್ಡು ಯಾಕೆ ಕೊಡಬೇಕು?

ಕೇಳಿ ನೋಡಲು ಯೂಟ್ಯೂಬ್ ಬೇಕೇ ಬೇಕು. ಪ್ರಸಾರ ಭಾರತಿಯ ಆರ್ಕೈವ್ಸ್ ಚಾನೆಲ್ಲಿನಲ್ಲಿ ಆಕಾಶವಾಣಿ, ದೂರದರ್ಶನದ ಹಳೆಯ ರೆಕಾರ್ಡಿಂಗ್ ಇವೆ. ಆಕಾಶವಾಣಿ 1952ರಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಪ್ರಸಾರ ಮಾಡಿದೆ, ದೊಡ್ಡವರೆಲ್ಲ ಅಲ್ಲಿ ಹಾಡಿದ್ದಾರೆ. ಸಂಗೀತಪ್ರಿಯ ಜಾಲತಾಣದಲ್ಲಿ ರಸಿಕರು ಕೂಡಿಟ್ಟ ಕಚೇರಿಗಳು ಬೇಕಾದಷ್ಟಿವೆ.

ಆದರೂ ಕೊಳ್ಳಬೇಕಾದ ಕಾರಣ ಎರಡು. ಈಗ ಬದುಕಿರುವ ಕಲಾವಿದರ ರೆಕಾರ್ಡಿಂಗನ್ನು ದುಡ್ಡು ಕೊಟ್ಟು ಕೊಂಡರೆ ಮುಂದಿನದು ಬರುತ್ತದೆ. ಪಕ್ಕವಾದ್ಯದವರ ಪಾಡು ಇನ್ನೂ ಕಷ್ಟ, ಅವರಿಗೂ ಅದರಿಂದಲೇ ಅನುಕೂಲ. ಎರಡನೆಯದು, ಯೂಟ್ಯೂಬಿಂದ ಇವತ್ತು ಇದ್ದದ್ದು ನಾಳೆ ಮಾಯವಾಗುತ್ತೆ. ನೀವು ತುಂಬ ಹಚ್ಚಿಕೊಂಡ ಕಚೇರಿ ನಿಮ್ಮ ಕೈಯಲ್ಲೇ ಇರಲಿ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳುವವರು ದಯವಿಟ್ಟು ಶಫಲ್ ಆಫ್ ಮಾಡಿ. ಒಂದರ ಹಿಂದೆ ಒಂದು ಬರುವ ಮೂರು ಭಾಗದ ರಾಗ-ತಾನ-ಪಲ್ಲವಿಯನ್ನು ಮೂರು ನಾಲ್ಕು ಟ್ರ್ಯಾಕಾಗಿ ಕತ್ತರಿಸಿರುತ್ತಾರೆ, ಶಫಲ್ ಇದ್ದರೆ ತಾನ ಮೊದಲು ಬಂದು ರಾಗ ಆಮೇಲೆ ಬರುತ್ತೆ.

ಹಳೆಯ ರೆಕಾರ್ಡಿಂಗ್ ಗರಗರ ಅನ್ನುತ್ತೆ. 'ರೀಮಾಸ್ಟರ್ಡ್' ಅಂತ ಇರುವುದನ್ನು ಕೊಳ್ಳಲೇ?

ಕೇಳಿ ಕೊಳ್ಳಿ, ಹೆಸರು ನೋಡಿ ಕೊಳ್ಳಬೇಡಿ. ಪರೀಕ್ಷೆ ಸುಲಭ. ಗಾಯಕರು ನಿಲ್ಲಿಸಿದ ಜಾಗದಲ್ಲಿ ತಂಬೂರಿಯನ್ನು ಕೇಳಿಸಿಕೊಳ್ಳಿ. ಗರಗರ ತೆಗೆಯುವ ಸಾಫ್ಟ್‌ವೇರಿಗೆ ತಂಬೂರಿಯ ಸಣ್ಣ ಝೇಂಕಾರವೂ ಗರಗರವೂ ಒಂದೇ ಥರ ಕಾಣುತ್ತದೆ, ಎರಡನ್ನೂ ಅಳಿಸಿಬಿಡುತ್ತದೆ. ಆಗ ದನಿಯ ಹಿಂದೆ ಏನೂ ಇಲ್ಲದ ಹಾಗಾಗುತ್ತದೆ, 'ಸ'ಕಾರಗಳು ಮೊಂಡಾಗುತ್ತವೆ, ಮೃದಂಗದ ಪೆಟ್ಟು ನೀರೊಳಗಿಂದ ಬಂದಂತೆ ಇರುತ್ತದೆ. ಅಂಥದ್ದಕ್ಕಿಂತ ಗರಗರ ಇರುವುದೇ ಎಷ್ಟೋ ಮೇಲು. ಹತ್ತು ನಿಮಿಷದಲ್ಲಿ ಕಿವಿ ಗರಗರವನ್ನು ಮರೆಯುತ್ತದೆ.

ಇನ್ನೊಂದು, ವೇಗ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಹಳೆಯ 78 ಆರ್‌ಪಿಎಂ ರೆಕಾರ್ಡುಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ತಿರುಗುತ್ತಿರಲಿಲ್ಲ. ಕ್ಯಾಸೆಟ್‌ನಿಂದ ಇಳಿಸಿದ್ದರಲ್ಲೂ ವೇಗ ಹೆಚ್ಚುಕಮ್ಮಿ. ಗೊತ್ತಿರುವ ದನಿ ತೆಳ್ಳಗೆ, ಅವಸರದಲ್ಲಿ ಕೇಳಿಸಿದರೆ ಅದೇ ಕಾರಣ.

78ರ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಆ ಮೂರು ನಿಮಿಷದಲ್ಲಿ ಝಿಂಝೋಟಿ ರಾಗ ಹಾಡಿದ್ದು ಕೇಳಿದರೆ ಸಮಯ ಕಡಿಮೆಯಾಯಿತು ಅಂತ ಅನ್ನಿಸುವುದೇ ಇಲ್ಲ.

ಸಿಡಿ, ಎಲ್‌ಪಿ, ಡಿಜಿಟಲ್: ಯಾವುದು?

ಡಿಜಿಟಲ್ ಸಿಕ್ಕರೆ ಡಿಜಿಟಲ್. ಕಂಪನಿ ಫ್ಲಾಕ್ ಫೈಲ್ (ದನಿಯ ಗುಣ ಕೆಡದಂತೆ ಇಡುವ ಫೈಲ್) ಕೊಡುವುದಾದರೆ ಅದನ್ನೇ ತಗೊಳ್ಳಿ. ಸಿಡಿಯಲ್ಲಿ 74ರಿಂದ 80 ನಿಮಿಷ ಹಿಡಿಯುತ್ತದೆ, ಒಳಗಿನ ಪುಸ್ತಿಕೆಯಲ್ಲಿ ವಿವರ ಇರುತ್ತದೆ, ಎಷ್ಟೋ ಒಳ್ಳೆಯ ಕರ್ನಾಟಕ ಸಂಗೀತ ಸಿಡಿಯಲ್ಲಿ ಮಾತ್ರ ಬಂದು ನಿಂತುಹೋಗಿದೆ. ಪ್ಲೇಯರ್ ಇಲ್ಲ ಅಂತ ಬಿಡಬೇಡಿ, ಎಸ್‌ಪಿ ರಸ್ತೆಯಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ತಂದರೆ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಎಲ್‌ಪಿ ಪ್ರೀತಿಗೆ. ಒಂದು ಬದಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಅಷ್ಟೇ.

ಬೆಂಗಳೂರಿನಲ್ಲಿ ಹಳೆಯ ಎಲ್‌ಪಿ ಎಲ್ಲಿ ಹುಡುಕಲಿ, ಏನು ನೋಡಲಿ?

ಭಾನುವಾರ ಬೆಳಗ್ಗೆ ಅವೆನ್ಯೂ ರೋಡು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರ್. ಬೇಗ ಹೋಗಿ. ಬಹುತೇಕ ಹಿಂದಿ ಸಿನಿಮಾ ಇರುತ್ತದೆ, ನಡುವೆ ಒಂದೆರಡು ಎಚ್‌ಎಂವಿ ಕಂಪನಿಯ ಶಾಸ್ತ್ರೀಯ ರೆಕಾರ್ಡು ಸಿಗುತ್ತವೆ.

ಕವರ್ ನೋಡಿ ಮರುಳಾಗಬೇಡಿ, ತಟ್ಟೆಯನ್ನು ಹೊರಗೆ ತೆಗೆಯಿರಿ. ಲೇಬಲ್ ಮತ್ತು ಕವರ್ ಎರಡೂ ಒಂದೇ ರೆಕಾರ್ಡಿನದ್ದಾ ಅಂತ ಮೊದಲು ನೋಡಿ, ಅದಲು ಬದಲಾಗಿರುವುದು ಮಾಮೂಲಿ. ಅಂಚು ಹಿಡಿದು ಬಿಸಿಲಿಗೆ ಓರೆಯಾಗಿ ತಿರುಗಿಸಿ. ಕೂದಲೆಳೆಯಂಥ ಗೀರು ಇದ್ದರೆ ಪರವಾಗಿಲ್ಲ, ಉಗುರಿಗೆ ತಾಗುವ ಗೀರು ಇದ್ದರೆ ಟಕ್ ಟಕ್ ಅನ್ನುತ್ತದೆ. ಕಪ್ಪು ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಸವೆದ ಸೂಜಿಯಲ್ಲಿ ತುಂಬ ಹಾಕಿದ್ದಾರೆ ಅಂತ ಅರ್ಥ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಗೆರೆಗಳು ಜಾಸ್ತಿ ಇದ್ದರೂ ಅದೇ ಕಥೆ. ಕಣ್ಣಿನ ಮಟ್ಟಕ್ಕೆ ಹಿಡಿದು ಬಗ್ಗಿದೆಯಾ ನೋಡಿ, ಬಿಸಿಲಲ್ಲಿ ಇಟ್ಟು ಮಾರುವುದರಿಂದ ಬಗ್ಗಿರುತ್ತವೆ.

78ರ ತಟ್ಟೆಗಳು ಅರಗಿನವು, ಬೇಗ ಒಡೆಯುತ್ತವೆ. ಅವನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ. ಎಲ್‌ಪಿಯ ಸೂಜಿಯಲ್ಲೂ ಹಾಕಬೇಡಿ, ಅದರ ಗೆರೆ ಅಗಲ, ಅದಕ್ಕೆ ಬೇರೆ ಸೂಜಿ ಬೇಕು.

ಹೊಸದು ಬೇಕಾದರೆ ಕಚೇರಿ ನಡೆಯುವ ಕಡೆ ವಿಚಾರಿಸಿ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದು ಬಂದಿದೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಹೆಸರು ಅದರ ಜೊತೆಗೇ ಬರುತ್ತದೆ. ಅಂಥ ಕಡೆ ಪಕ್ಕದಲ್ಲಿ ಕೂತ ವಯಸ್ಸಾದ ರಸಿಕರನ್ನು ಮಾತಾಡಿಸಿ. ಯಾವ ರೆಕಾರ್ಡಿಂಗ್ ಒಳ್ಳೆಯದು ಅಂತ ಅವರಿಗಿಂತ ಚೆನ್ನಾಗಿ ಯಾವ ಅಂಗಡಿಯವರೂ ಹೇಳಲಾರರು. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ.

ತಾತನ ಕ್ಯಾಸೆಟ್ ಪೆಟ್ಟಿಗೆ ಅಟ್ಟದ ಮೇಲಿದೆ. ಬಿಸಾಡಲೇ?

ಖಂಡಿತ ಬೇಡ! ರೇಡಿಯೋದಿಂದ, ಸಭೆಯಿಂದ ಕೈಯಾರೆ ರೆಕಾರ್ಡ್ ಮಾಡಿದ ಕ್ಯಾಸೆಟ್ ಇರಬಹುದು, ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರಬಹುದು. ಹಾಕುವ ಮೊದಲು ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿದೆಯಾ, ಒಳಗಿನ ಪುಟ್ಟ ಸ್ಪಂಜು ಉದುರಿದೆಯಾ ನೋಡಿ. ಬೂಷ್ಟು ಇದ್ದರೆ ನೀವೇ ಹಾಕಬೇಡಿ, ಡಿಜಿಟಲ್‌ಗೆ ಇಳಿಸುವವರಿಗೆ ಕೊಡಿ. ಕವರ್ ಮೇಲೆ ತಾತ ಬರೆದಿರುವುದನ್ನು ಫೋಟೊ ತೆಗೆದಿಡಿ. ತಾರೀಖು, ಪಕ್ಕವಾದ್ಯದವರ ಹೆಸರು ಅಲ್ಲಿ ಮಾತ್ರ ಇರುತ್ತದೆ.

ಸ್ಪೀಕರ್ ಎಂಥದ್ದು ಬೇಕು?

ದುಬಾರಿ ಬೇಡ. ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಮೃದಂಗದ ತೊಪ್ಪಿ, ಅಂದರೆ ಎಡಗೈ ಕಡೆಯ ಗುಂ ಅನ್ನುವ ನಾದ, ಕೇಳಿಸುವುದೇ ಇಲ್ಲ. ಅದು ಕೇಳಿಸುವಂಥದ್ದು ಸಾಕು. ಇಲ್ಲವಾದರೆ ಸಾಧಾರಣ ವೈರಿನ ಹೆಡ್‌ಫೋನ್.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೂ ಕೇಳಬೇಕು ಅಂತಿದೆ.

ಕೇಳಿ. ಅದರಲ್ಲೂ ಮೈಸೂರಿನ ನಂಟಿದೆ. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, 1940ರ ದಶಕದಲ್ಲಿ, ಅವರ ಸಂಗೀತವನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ರಚನೆ) ಮಹಾರಾಜರಿಗೇ ಅರ್ಪಿಸಿದರು. ಆ ರೆಕಾರ್ಡಿಂಗ್‌ಗಳು ಸಿಡಿಯಾಗಿಯೂ ಬಂದಿವೆ. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು ಅನ್ನುವುದನ್ನೂ ನೆನಪಿಡಿ.

ಪಾಶ್ಚಾತ್ಯ ಸಂಗೀತದಲ್ಲಿ ಒಂದೇ ರಚನೆಯನ್ನು ನೂರಾರು ಜನ ನುಡಿಸಿರುತ್ತಾರೆ, ಹಾಗಾಗಿ ನುಡಿಸಿದವರ ಹೆಸರು ನೋಡದೆ ಕೊಳ್ಳಬೇಡಿ. ಬೀಥೋವನ್ನರ ಐದನೇ ಸಿಂಫನಿಗೆ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಕಾರ್ಲೋಸ್ ಕ್ಲೈಬರ್ ನಡೆಸಿದ್ದು, ಬಾಖ್‌ನ ಚೆಲ್ಲೋ 'ಸ್ವೀಟ್' (ತುಣುಕುಗಳ ಮಾಲೆ) ರಚನೆಗಳಿಗೆ 1936ರಿಂದ 1939ರ ನಡುವೆ ಪಾಬ್ಲೊ ಕಸಾಲ್ಸ್ ರೆಕಾರ್ಡ್ ಮಾಡಿದ್ದು. ಒಂಟಿ ವಾದ್ಯ ಆದ್ದರಿಂದ ಕಸಾಲ್ಸ್ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತಾರೆ.

ಎಷ್ಟು ಕೊಂಡರೆ ಸಾಕು?

ಮೊದಲ ವರ್ಷಕ್ಕೆ ಆರು. ಅದಕ್ಕಿಂತ ಜಾಸ್ತಿ ಬೇಡ. ಒಂದು ಪೂರ್ತಿ ಕರ್ನಾಟಕ ಕಚೇರಿ, ಒಂದು ಖಯಾಲ್ (ಹಿಂದೂಸ್ತಾನಿ ಗಾಯನದ ಪ್ರಕಾರ), ಒಂದು ವಾದ್ಯ, ಒಂದು ದಾಸರ ಪದಗಳ ಸಂಗ್ರಹ, ಉಳಿದೆರಡು ಇವುಗಳಲ್ಲಿ ಯಾವುದು ಹಿಡಿಸಿತೋ ಅದರ ಕಡೆಯಿಂದ. ಒಂದೊಂದನ್ನೂ ಎರಡು ತಿಂಗಳು ಕೇಳಿ. ಹಿನ್ನೆಲೆಯಲ್ಲಿ ಹಾಕಿ ಕೆಲಸ ಮಾಡಿದರೂ ಪರವಾಗಿಲ್ಲ, ವಾರಕ್ಕೊಮ್ಮೆಯಾದರೂ ಸುಮ್ನೆ ಕೂತು ಕೇಳಿ. ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ' ಖಮಾಚ್ ರಾಗದ್ದು, ಹಾಡದವರೇ ಇಲ್ಲ. ಎಂ.ಎಸ್. ಹಾಡಿದ್ದನ್ನು ಬಾಯಿಪಾಠ ಆಗುವಷ್ಟು ಕೇಳಿ, ಆಮೇಲೆ ಬಾಲಮುರಳಿಕೃಷ್ಣ ಹಾಡಿದ್ದನ್ನು ಹಾಕಿ. ಎಲ್ಲಿ ಬೇರೆಯಾಗುತ್ತಾರೆ ಅಂತ ತಾನಾಗಿ ಕೇಳಿಸುತ್ತದೆ. ಅದು ಒಮ್ಮೆ ಕೇಳಿಸಿದ ಮೇಲೆ ಮುಂದೆ ಯಾವುದು ಕೊಳ್ಳಬೇಕು ಅಂತ ನನ್ನನ್ನು ಕೇಳುವ ಅಗತ್ಯ ಬೀಳುವುದಿಲ್ಲ.

ಮಗಳು ವರ್ಣ ಕಲಿಯುತ್ತಿದ್ದಾಳೆ. ಅವಳಿಗೆ ಯಾವುದು ಕೊಡಿಸಲಿ?

ಮೊದಲು ಅವಳ ಗುರುಗಳನ್ನು ಕೇಳಿ. ಪಾಠಾಂತರ, ಅಂದರೆ ಒಂದೇ ರಚನೆಯನ್ನು ಹಾಡುವ ರೂಪ, ಗುರುವಿನಿಂದ ಗುರುವಿಗೆ ಬೇರೆ ಇರುತ್ತದೆ, ನೀವು ಒಂದು ತಂದು ಹಾಕಿ ಅವಳು ಅದನ್ನು ಕಲಿತುಬಿಟ್ಟರೆ ಪಾಠದಲ್ಲಿ ಗೊಂದಲ. ಪಾಠ ಆಗಿರುವ ವರ್ಣವನ್ನೇ ದೊಡ್ಡವರು ಹಾಡಿರುವುದನ್ನು ಕೊಡಿಸಿ. ಮೋಹನದ 'ನಿನ್ನು ಕೋರಿ' ಆಗಿದ್ದರೆ ಗಾಯನದಲ್ಲಿ ಒಂದು, ವೀಣೆ ಅಥವಾ ಪಿಟೀಲಿನಲ್ಲಿ ಒಂದು. ಭೈರವಿಯ 'ವಿರಿಬೋಣಿ'ಗೆ ಇನ್ನೂ ಸಮಯ ಇದೆ, ಅದು ಅಟ್ಟ ತಾಳ ಅನ್ನುವ ಉದ್ದದ ತಾಳದ್ದು, ಈಗ ಕೇಳುತ್ತಿರಲಿ ಸಾಕು. ಕಾರಲ್ಲಿ ಹೋಗುವಾಗ ಹಾಕಿ, ಮಗು ತಾಳ ಹಾಕಿದರೆ ಹಾಕಲಿ, ಇಲ್ಲದಿದ್ದರೆ ಬಿಡಿ.